ಪಟ್ಟಿಯಲ್ಲಿಲ್ಲದ ಕೇರಿ

ಗಾಂಧಿನಗರ, ಬಳ್ಳಾರಿ
4 ಆಗಸ್ಟ್ 2024

ಅಪ್ಪಾ,

ಭಾನುವಾರ ಫೋನಿನಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ನಿಮ್ಮ ಮಂದ ಕಿವಿಗೆ ಕೇಳಿಸಿದ್ದು ‘ಹಲೋ’ ಒಂದೇ. ಅವ್ವನ ಕೈಯಲ್ಲಿ ಹೇಳಿಸಿದರೆ ಅರ್ಧ ಅವಳ ಮಾತೇ ಸೇರಿಕೊಳ್ಳುತ್ತದೆ. ಅದಕ್ಕೇ ಈ ಕಾಗದ. ಮೂವತ್ತೈದು ವರ್ಷ ಊರವರ ಕಾಗದ ಹಂಚಿದವರಿಗೆ ಮಗಳದೂ ಒಂದು ಬರಲಿ.

ನಾನು ಸೇರಿರುವ ಏಜೆನ್ಸಿ ಇಲ್ಲಿ ಮನೆಗಳ ಸರ್ವೆ ಗುತ್ತಿಗೆ ಹಿಡಿದಿದೆ ಎಂದು ಹೇಳಿದ್ದೆನಲ್ಲ. ಮನೆ ಮನೆಗೆ ಹೋಗಬೇಕು, ಫೋಟೊ ತೆಗೆಯಬೇಕು, ಟ್ಯಾಬಿನಲ್ಲಿ ವಿವರ ತುಂಬಬೇಕು. ಅದರಲ್ಲಿ ‘ಪ್ರದೇಶದ ಬಗೆ’ ಎಂಬ ಒಂದು ಸಾಲಿದೆ. ಒತ್ತಿದರೆ ನಾಲ್ಕು ಪದ ಬರುತ್ತವೆ: ನಗರ, ಬಡಾವಣೆ, ಕಾಲೋನಿ, ಕೊಳಗೇರಿ. ಈ ನಾಲ್ಕರಲ್ಲಿ ಒಂದನ್ನು ಆರಿಸದಿದ್ದರೆ ಆ ಮನೆ ‘ಅಪೂರ್ಣ’ ಎಂದೇ ಉಳಿಯುತ್ತದೆ.

ಕಳೆದ ವಾರ ಗುಡ್ಡದ ಬುಡದ ಸುಂಕಲಮ್ಮನ ಕೇರಿಗೆ ಹೋಗಿದ್ದೆ. ಎಪ್ಪತ್ತೊಂದು ಮನೆ. ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಹೊಲಿಗೆ ಮಷಿನು; ಜೀನ್ಸ್ ಪ್ಯಾಂಟಿನ ಗಂಟುಗಳು ಬಾಗಿಲವರೆಗೆ ಬಿದ್ದಿರುತ್ತವೆ. ಅದು ನಗರವಲ್ಲ, ಬಡಾವಣೆಯಲ್ಲ, ಕಾಲೋನಿಯಲ್ಲ. ನಮ್ಮ ಸೂಪರ್‌ವೈಸರ್ ಉಮಾಪತಿಯವರನ್ನು ಕೇಳಿದೆ. “ಕೊಳಗೇರಿ ಒತ್ತಮ್ಮ. ತಗಡಿನ ಮನಿ ಅದಾವಲ್ಲ” ಎಂದರು. ಅರ್ಧಕ್ಕರ್ಧ ಮನೆಗಳಿಗೆ ಆರ್‌ಸಿಸಿ ಐತಲ್ರೀ ಎಂದೆ. “ನಿನಗ ಯಾಕ ಬೇಕು ಅಷ್ಟು ವಿಚಾರ? ದಿನಕ್ಕ ನಲವತ್ತು ಮನಿ ಮುಗಿಸು” ಎಂದರು.

ನಾನಿನ್ನೂ ಏನನ್ನೂ ಒತ್ತಿಲ್ಲ. ಇಂಥವನ್ನು ನಿಮ್ಮಷ್ಟು ಬಲ್ಲವರು ನನಗೆ ಬೇರೆ ಯಾರೂ ಇಲ್ಲ. ಕೇರಿ ಎಂದರೆ ಏನು? ಓಣಿಗೂ ಅದಕ್ಕೂ ಏನು ಅಂತರ? ಬರೆದು ಕಳಿಸಿ.

ಅಕ್ಷತಾ


ಕುರುಗೋಡು
13 ಆಗಸ್ಟ್ 2024

ಮಗಳು ಅಕ್ಷತಾಗೆ,

ನಿನ್ನ ಕಾಗದ ಒಂಬತ್ತನೆಯ ದಿನಕ್ಕೆ ಬಂತು. ನನ್ನ ಕಾಲದಲ್ಲಿ ಬಳ್ಳಾರಿಯಿಂದ ಇಲ್ಲಿಗೆ ಮರುದಿನವೇ ಬರುತ್ತಿತ್ತು. ಇರಲಿ.

ಪುಸ್ತಕದಲ್ಲಿ ಏನು ಬರೆದಿದ್ದಾರೋ ನನಗೆ ಗೊತ್ತಿಲ್ಲ. ಟಪಾಲಿನ ಚೀಲ ಹೊತ್ತವನಿಗೆ ತಿಳಿದದ್ದನ್ನು ಹೇಳುತ್ತೇನೆ.

ಓಣಿ ಎಂದರೆ ದಾರಿ. ಎದುರುಬದುರು ಮನೆ, ನಡುವೆ ನಡೆಯುವಷ್ಟು ಜಾಗ. ಈ ತುದಿಯಲ್ಲಿ ಹೊಕ್ಕರೆ ಆ ತುದಿಯಲ್ಲಿ ಹೊರಬೀಳಬಹುದು. ಪೇಟೆ ಎಂದರೆ ವ್ಯಾಪಾರ. ಅಲ್ಲಿ ಮನುಷ್ಯರ ಹೆಸರಿಗಿಂತ ಅಂಗಡಿಯ ಹೆಸರಿಗೆ ಕಾಗದ ಬೇಗ ಮುಟ್ಟುತ್ತದೆ. ನಗರ ಎಂದರೆ ಯಾರೋ ಟೇಪು ಹಿಡಿದು ಅಳೆದು ಮಾಡಿದ್ದು. ಮನೆ ನಂಬರು ಸಾಲಾಗಿರುತ್ತದೆ, ಆದರೆ ಪಕ್ಕದ ಮನೆಯವರನ್ನು ಕೇಳಿದರೆ ಹೆಸರು ಹೇಳುವುದಿಲ್ಲ. ಬಡಾವಣೆಯಲ್ಲಿ ಮೊದಲು ಬೋರ್ಡು ಬರುತ್ತದೆ, ಆಮೇಲೆ ಮನೆ. ಸಿರುಗುಪ್ಪ ಕಡೆ ನಾನಿದ್ದಾಗ ಕ್ಯಾಂಪುಗಳಿಗೂ ಟಪಾಲು ಒಯ್ದಿದ್ದೇನೆ. ಕಾಲುವೆ ನೀರು ನಂಬಿ ಆಂಧ್ರದಿಂದ ಬಂದವರು. ಮೊಮ್ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಮದುವೆಯಾದರೂ ಹೆಸರು ಮಾತ್ರ ಕ್ಯಾಂಪು, ನಾಳೆ ಬೆಳಿಗ್ಗೆ ಗಂಟು ಕಟ್ಟಿ ಹೊರಡುವವರ ಹಾಗೆ.

ಕೇರಿ ಎಂದರೆ ಒಂದೇ ಬಳಗದವರು, ಒಂದೇ ಕಸುಬಿನವರು ಒತ್ತಾಗಿ ಕಟ್ಟಿಕೊಂಡ ಮನೆಗಳು. ನಂಬರು ಬೇಕಾಗಿಲ್ಲ, ಹೆಸರು ಹೇಳಿದರೆ ಸಾಕು. ಕೇರಿ ಯಾವಾಗಲೂ ಹಳೆಯದು. ಹೊಸ ಕೇರಿಯನ್ನು ನಾನು ನೋಡಿಲ್ಲ.

ಇನ್ನು ಕೊಳಗೇರಿ. ಮೂವತ್ತೈದು ವರ್ಷದಲ್ಲಿ ಒಂದು ಲಕೋಟೆಯ ಮೇಲೂ ಆ ಪದವನ್ನು ನಾನು ಕಂಡಿಲ್ಲ. ತಾನಿರುವ ಜಾಗವನ್ನು ಯಾರೂ ಹಾಗೆ ಬರೆದುಕೊಳ್ಳುವುದಿಲ್ಲ. ಅದು ಹೊರಗೆ ನಿಂತವರು ಇಡುವ ಹೆಸರು. ನೀನು ಒತ್ತದೆ ಇದ್ದದ್ದು ಸರಿ.

ಸುಂಕಲಮ್ಮನ ಕೇರಿ ನನ್ನ ಬೀಟಿನಲ್ಲೇ ಇತ್ತು. ಎಂಬತ್ತಾರರಿಂದ ತೊಂಬತ್ತೇಳರ ತನಕ ಹನ್ನೊಂದು ವರ್ಷ ಅವರ ಟಪಾಲು ನನ್ನ ಚೀಲದಲ್ಲೇ ಹೋಯಿತು. ಯಾರಾದರೂ ಹಳಬರಿದ್ದರೆ ಚಿದಾನಂದಪ್ಪನ ಮಗಳು ಎಂದು ಹೇಳು.

ನಿನ್ನ ಅಪ್ಪ
ಚಿದಾನಂದಪ್ಪ


ಗಾಂಧಿನಗರ, ಬಳ್ಳಾರಿ
1 ಸೆಪ್ಟೆಂಬರ್ 2024

ಅಪ್ಪಾ,

ಹೇಳಿದೆ.

ಹೊನ್ನೂರಮ್ಮ ಎಂಬವರು. ಎಪ್ಪತ್ತು ದಾಟಿದೆ. ಮಗ ಹೊಲಿದು ಹಾಕಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತ ಹೊಸ್ತಿಲಲ್ಲಿ ಕೂತಿರುತ್ತಾರೆ. ನಮ್ಮಪ್ಪ ಈ ಕಡೆಯೇ ಪೋಸ್ಟ್‌ಮ್ಯಾನ್ ಆಗಿದ್ದರು, ಚಿದಾನಂದಪ್ಪ ಎಂದು, ಎಂದೆ. ಕತ್ತರಿ ನಿಂತಿತು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ನಿಮ್ಮಪ್ಪ ಒಳಗ ಬಂದಿಲ್ಲವ್ವಾ. ಒಂದು ದಿನ ಬಂದಿಲ್ಲ. ಹೊರಗ ಗುಡಿ ಕಟ್ಟಿ ಮ್ಯಾಲೆ ಕಾಗದ ಇಟ್ಟು, ಅದರ ಮ್ಯಾಲೊಂದು ಕಲ್ಲು ಹೇರಿ, ಸೈಕಲ್ ಬೆಲ್ ಬಾರಿಸಿ ಹೋಗೋನು. ಬೆಲ್ ಕೇಳಿದ್ರ ಕಾಗದ ನಮ್ಮದು. ಕೇಳಲಿಲ್ಲಂದ್ರ ಮಳಿದು, ಗಾಳಿದು, ಆಡಿಂದು.”

ತೊಂಬತ್ತೊಂದರಲ್ಲಿ ಅವರ ಮಗ ವಿರೂಪಾಕ್ಷಿ ರೈಲ್ವೆ ಕೆಲಸಕ್ಕೆ ಅರ್ಜಿ ಹಾಕಿದ್ದನಂತೆ. ಆಗ ಹತ್ತೊಂಬತ್ತು ವರ್ಷ. ಕೇರಿಯಲ್ಲಿ ಹತ್ತನೆಯ ತರಗತಿ ಪಾಸಾದ ಮೊದಲನೆಯವನು. ಕೇರಿಗೆ ಕೇರಿಯೇ ನೆಲ್ಲು ಕೊಯ್ಯಲು ಸಿರುಗುಪ್ಪ ಕಡೆಯ ಕರೂರಿಗೆ ಹೋದಾಗ ಅವನಿಗೆ ಸಂದರ್ಶನದ ಕರೆ ಬಂದಿದೆ. ನಡುವೆ ಅಕಾಲದ ಮಳೆ. ಐದನೆಯ ದಿನ ಮರಳಿ ಬಂದರೆ ಕಲ್ಲಿನ ಕೆಳಗೆ ಲಕೋಟೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಒಣಗಿಸಿ ಓದಿದಾಗ ತಾರೀಕು ದಾಟಿ ಎರಡು ದಿನವಾಗಿತ್ತು.

ವಿರೂಪಾಕ್ಷಿಗೆ ಈಗ ಐವತ್ತೆರಡು. ಮಷಿನ್ ಮುಂದೆ ಕೂತಿದ್ದ. ನಾವು ಮಾತಾಡಿದ್ದೆಲ್ಲ ಅವನ ಕಿವಿಗೆ ಬಿತ್ತು, ತಲೆ ಎತ್ತಲಿಲ್ಲ.

‘ನನ್ನ ಚೀಲದಲ್ಲೇ ಹೋಯಿತು’ ಎಂದು ಬರೆದಿದ್ದೀರಿ. ಆ ಸಾಲನ್ನು ನಾಲ್ಕು ಸಲ ಓದಿದೆ. ಎಷ್ಟು ಎಚ್ಚರದಿಂದ ಬರೆದಿದ್ದೀರಿ ಅಪ್ಪಾ. ಇದು ನಿಜವೇ? ನಿಜವೋ ಸುಳ್ಳೋ, ಅಷ್ಟು ಬರೆದರೆ ಸಾಕು.

ಅಕ್ಷತಾ


ಸಿರುಗುಪ್ಪ
6 ಅಕ್ಟೋಬರ್ 2024

ಅಪ್ಪಾ,

ನಿಮ್ಮ ಉತ್ತರ ಬರಲಿಲ್ಲ. ವಿಳಾಸ ಬದಲಾಗಿದೆ ಎಂದು ತಿಳಿಸಲು ಮಾತ್ರ ಬರೆಯುತ್ತಿದ್ದೇನೆ.

ನಾನು ಆ ಸಾಲನ್ನು ಖಾಲಿ ಬಿಟ್ಟು, ಷರಾ ಜಾಗದಲ್ಲಿ ‘ಕೇರಿ’ ಎಂದು ತುಂಬಿದ್ದೆ. ಉಮಾಪತಿ ಆಫೀಸಿನಲ್ಲಿ ಕೂತು ಎಪ್ಪತ್ತೊಂದನ್ನೂ ಕೊಳಗೇರಿ ಎಂದು ತಿದ್ದಿದರು. ಯಾಕೆಂದು ಆಮೇಲೆ ತಿಳಿಯಿತು. ಗುಡ್ಡದ ಬುಡಕ್ಕೆ ದೊಡ್ಡ ರಸ್ತೆ ಬರಲಿದೆ. ಇತ್ತೀಚೆಗೆ ಎದ್ದ ಕೊಳಗೇರಿ ಎಂದು ದಾಖಲಾದರೆ ಮನೆಗಳನ್ನು ತೆಗೆಸಿ, ಊರಾಚೆ ಹನ್ನೊಂದು ಕಿಲೋಮೀಟರ್ ದೂರದ ಮೂರು ಮಹಡಿ ಕಟ್ಟಡಕ್ಕೆ ಎಲ್ಲರನ್ನೂ ಸಾಗಿಸಬಹುದು. ಹೊಲಿಗೆಯ ಗಂಟು ತಂದುಕೊಡುವ ಗಾಡಿ ಅಲ್ಲಿಯವರೆಗೆ ಹೋಗುವುದಿಲ್ಲ.

ನಾನು ಕೇರಿಗೆ ಹೋಗಿ ಇದನ್ನೆಲ್ಲ ಹೇಳಿದೆ. ತಕರಾರು ಅರ್ಜಿ ಬರೆದುಕೊಟ್ಟೆ. ಮೂರನೆಯ ದಿನ ನನ್ನನ್ನು ಸಿರುಗುಪ್ಪದ ಸರ್ವೆಗೆ ಎತ್ತಿ ಹಾಕಿದರು. ಹಾಕಲಿ. ಸಿರಿಗೇರಿ ಕಡೆಯ ಬಸ್ಸು ಹಿಡಿದರೆ ಎಲ್ಲರಿಗೂ ನೀವು ಗೊತ್ತು. ಒಳ್ಳೆಯ ಮನುಷ್ಯ ಎನ್ನುತ್ತಾರೆ. ನಾನು ಸುಮ್ಮನೆ ಕಿಟಕಿಯಾಚೆ ನೋಡುತ್ತೇನೆ.

ಹಬ್ಬಕ್ಕೆ ನಾನು ಬರುವುದಿಲ್ಲ.

ಅಕ್ಷತಾ


ಕುರುಗೋಡು
7 ನವೆಂಬರ್ 2024

ಮಗಳು ಅಕ್ಷತಾಗೆ,

ದೀಪಾವಳಿಗೆ ನೀನು ಬರಲಿಲ್ಲ. ನಿಮ್ಮವ್ವ ನಿನ್ನ ಪಾಲಿನ ಹೋಳಿಗೆಯನ್ನು ಎರಡು ದಿನ ಇಟ್ಟು ಆಮೇಲೆ ಪಕ್ಕದ ಮನೆಗೆ ಕೊಟ್ಟಳು.

ನಿಜ.

ಎರಡು ತಿಂಗಳಲ್ಲಿ ಐದು ಕಾಗದ ಬರೆದು ಹರಿದೆ. ಎಲ್ಲದರಲ್ಲೂ ಕಾರಣಗಳಿದ್ದವು. ಮೊದಲ ದಿನ ನನಗೆ ಬೀಟು ತೋರಿಸಿದ ಹಿರಿಯ ಪೋಸ್ಟ್‌ಮ್ಯಾನ್ “ಇಲ್ಲಿ ತನಕ ಸಾಕು” ಎಂದದ್ದು, ಮನೆಯಲ್ಲಿ ನನ್ನ ಅವ್ವ ಮಡಿ ಮಡಿ ಎನ್ನುತ್ತಿದ್ದದ್ದು, ಕಾಲ ಹಾಗಿತ್ತು ಎಂಬುದು. ಓದಿದಾಗ ನನಗೇ ಹೇಸಿಗೆಯಾಯಿತು. ಹಿರಿಯನು ಒಂದು ದಿನ ಹೇಳಿದ. ಹನ್ನೊಂದು ವರ್ಷ ನಡೆಸಿದವನು ನಾನು. ಒಳಗೆ ಹೋಗಬೇಡ ಎಂದು ಯಾರೂ ದಿನಾ ಬಂದು ನನ್ನ ಸೈಕಲ್ ಹಿಡಿದಿರಲಿಲ್ಲ.

ಆ ಲಕೋಟೆಯೂ ನೆನಪಿದೆ. ಉದ್ದನೆಯದು, ಸರ್ಕಾರಿ ಮುದ್ರೆ. ಬೆಲ್ ಬಾರಿಸಿದಾಗ ಒಳಗಿನಿಂದ ಮಕ್ಕಳ ಸದ್ದೂ ಬರಲಿಲ್ಲ. ಕೇರಿಯಲ್ಲಿ ಯಾರೂ ಇಲ್ಲ ಎಂದು ತಿಳಿಯಿತು. ಆಫೀಸಿಗೆ ಮರಳಿ ಒಯ್ಯಬೇಕಿತ್ತು. ಒಯ್ದರೆ ನಾಳೆ ಮತ್ತೆ ತರಬೇಕಲ್ಲ ಎಂದು ಕಲ್ಲು ಹೇರಿದೆ. ಮಳೆ ಬಂದ ದಿನ ನೆನಪಾಯಿತು. ಆಗಲೂ ಹೋಗಲಿಲ್ಲ.

ಕೇರಿ ಎಂದರೆ ಏನೆಂದು ನೀನು ಕೇಳಿದ್ದೆ. ನಾನು ಒಂದು ಅರ್ಥವನ್ನು ಬಿಟ್ಟು ಬರೆದಿದ್ದೆ. ಕುರುಗೋಡಿನಲ್ಲಿ ನಾವಿರುವುದೂ ಒಂದೇ ಬಳಗದವರು ಒತ್ತಾಗಿ ಕಟ್ಟಿಕೊಂಡ ಮನೆಗಳಲ್ಲೇ. ಅದನ್ನು ನಾವು ಓಣಿ ಎಂದೆವು. ಕೇರಿ ಎಂಬ ಮಾತನ್ನು ನಾವು ಕಾಲಿಡದ ಜಾಗಕ್ಕೆ ಇಟ್ಟುಕೊಂಡೆವು. ಅಂತರ ಕೇಳಿದೆಯಲ್ಲ, ಇದು ಅಂತರ.

ಚಿದಾನಂದಪ್ಪ


ಸಿರುಗುಪ್ಪ
15 ನವೆಂಬರ್ 2024

ಅಪ್ಪಾ,

ಕಾಗದ ಮುಟ್ಟಿತು. ಸಮಾಧಾನ ಹೇಳಲು ನನ್ನಲ್ಲಿ ಮಾತಿಲ್ಲ, ಹುಡುಕುವುದೂ ಇಲ್ಲ. ಬೇರೆ ಒಂದು ವಿಷಯ ಕೇಳಬೇಕಾಗಿದೆ.

ಡಿಸೆಂಬರ್ ನಾಲ್ಕು, ಬುಧವಾರ ಹನ್ನೊಂದಕ್ಕೆ ಬಳ್ಳಾರಿಯ ವಾರ್ಡ್ ಕಚೇರಿಯಲ್ಲಿ ಕೇರಿಯವರ ತಕರಾರಿನ ವಿಚಾರಣೆ ಇದೆ. ಕೇರಿ ಹಳೆಯದು ಎಂದು ಅವರು ತೋರಿಸಬೇಕು. ಹೊನ್ನೂರಮ್ಮ ಒಂದು ಡಬ್ಬಿಯ ತುಂಬ ಹಳೆಯ ಕಾಗದ ಇಟ್ಟಿದ್ದಾರೆ. ಎಲ್ಲದರ ಮೇಲೂ ‘ಸುಂಕಲಮ್ಮನ ಕೇರಿ’ ಎಂದೇ ಇದೆ, ಅಂಚೆಯ ಮುದ್ರೆಯೂ ಇದೆ. ಲಕೋಟೆಯ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು, ಹಂಚಿದವರು ಯಾರಾದರೂ ಇದ್ದರೆ ಕರೆತನ್ನಿ ಎಂದು ಕಚೇರಿಯವರು ಹೇಳಿದ್ದಾರಂತೆ.

ಹಂಚಿದವರು ನೀವೊಬ್ಬರೇ ಉಳಿದಿರುವುದು.

ನಿಮ್ಮನ್ನು ಕರೆಯುವುದು ಬೇಡ ಎಂದು ವಿರೂಪಾಕ್ಷಿ ಹೇಳಿದ. ಅವನ ಹೆಂಡತಿ ಸುನಂದಾ, “ಹೆಸರು ಏನಾರ ಇರ್ಲಿ, ಇರೋ ಮನಿಗೆ ಹಕ್ಕುಪತ್ರ ಸಿಕ್ರ ಸಾಕಾಗಿತ್ತು. ಈಗ ಮನೀನೇ ಹೊಂಟೈತಿ. ಯಾರು ಬಂದ್ರೂ ಬರ್ಲಿ” ಎಂದಳು. ಕೊನೆಗೆ ಹೊನ್ನೂರಮ್ಮ ಹೇಳಿದರು, ಬರೆ ಎಂದು.

ನನಗೆ ಆ ದಿನ ರಜೆ ಕೊಟ್ಟಿಲ್ಲ. ಬಂದರೆ ನೀವು ಒಬ್ಬರೇ ನಿಲ್ಲಬೇಕು. ಬರುವುದಾದರೆ ಪೂರ್ತಿ ಮಾತು ಆಡಿ. ಅರ್ಧ ಮಾತಿಗಾದರೆ ಬರಬೇಡಿ.

ಅಕ್ಷತಾ


ಕುರುಗೋಡು
24 ನವೆಂಬರ್ 2024

ಅಕ್ಷತಾ,

ನಾನು ನಿಮ್ಮವ್ವ. ನಿನ್ನ ಕಾಗದ ನಾನೇ ಒಡೆದು ಓದಿದೆ. ಆಮೇಲೆ ಅವರ ಕೈಗೆ ಕೊಟ್ಟೆ. ಅವರು ಓದಿ, ಎದ್ದು ಹೊರಗೆ ಹೋದರು.

ಎಪ್ಪತ್ತರ ಹತ್ತಿರದ ಮನುಷ್ಯನನ್ನು ಕಚೇರಿಯಲ್ಲಿ ಹತ್ತು ಮಂದಿಯ ಮುಂದೆ ನಿಲ್ಲಿಸಿ, ನಾನು ತಪ್ಪು ಮಾಡಿದೆ ಅನ್ನಿಸುವುದು ಮಗಳು ಮಾಡುವ ಕೆಲಸವೇನು? ನೀನು ಸಾಲಿ ಕಲಿತೆ ಅಂತ ನಮ್ಮ ಹಿಂದಿನದನ್ನೆಲ್ಲ ಬಗೆದು ನೋಡಬೇಕೇನು? ಆಗ ಎಲ್ಲರೂ ಹಾಗೇ ಇದ್ದರು. ನಾನೂ ಇದ್ದೆ. ನನ್ನನ್ನೂ ಕರೆಸು ಹಾಗಾದರೆ.

ಅವರು ಬರುವುದಿಲ್ಲ. ಬರಲು ನಾನು ಬಿಡುವುದಿಲ್ಲ. ಚಳಿ ಬಿದ್ದಿದೆ, ಸ್ವೆಟರ್ ಹಾಕಿಕೊ.

ಶಿವಬಸಮ್ಮ


ಕುರುಗೋಡು
6 ಡಿಸೆಂಬರ್ 2024

ಮಗಳು ಅಕ್ಷತಾಗೆ,

ಕಿವಿ ಡಾಕ್ಟರನ್ನು ಕಾಣಬೇಕು ಎಂದು ನಿಮ್ಮವ್ವನಿಗೆ ಹೇಳಿ ಬಳ್ಳಾರಿ ಬಸ್ಸು ಹತ್ತಿದೆ. ಅವಳು ನಂಬಲಿಲ್ಲ. ಆದರೆ ಬಟ್ಟೆಯಲ್ಲಿ ಕಟ್ಟಿ ಎರಡು ರೊಟ್ಟಿ ಕೊಟ್ಟಳು.

ಕಚೇರಿಯಲ್ಲಿ ಕೇರಿಯ ಮೂವತ್ತು ಮಂದಿ ಬಂದಿದ್ದರು. ಹೊನ್ನೂರಮ್ಮ ಮುಂದಿನ ಕುರ್ಚಿಯಲ್ಲಿದ್ದಳು; ತೊಡೆಯ ಮೇಲಿನ ಡಬ್ಬಿಯಿಂದ ಗುರುತು ಹಿಡಿದೆ. ನನ್ನನ್ನು ನೋಡಿ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ತೆಗೆದಳು. ಕೂತೆ. ಇಷ್ಟು ವರ್ಷದಲ್ಲಿ ಆಕೆಯ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ವಿಚಾರಣೆ ಮಾಡಿದವರು ಒಬ್ಬ ಮೇಡಂ, ನಿನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ನನಗೆ ಕಿವಿ ಕೇಳದು ಎಂದದ್ದಕ್ಕೆ ಗುಮಾಸ್ತನಿಂದ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆಸಿ ಕೊಟ್ಟರು. ಈ ಪ್ರದೇಶಕ್ಕೆ ನೀವು ಟಪಾಲು ಹಂಚಿದ್ದೀರಾ? “ಹಂಚೀನ್ರಿ. ಎಂಬತ್ತಾರರಿಂದ ತೊಂಬತ್ತೇಳು” ಎಂದೆ. ಹೊನ್ನೂರಮ್ಮನ ಡಬ್ಬಿಯ ಲಕೋಟೆ ಮುಂದೆ ಇಟ್ಟರು. ಹೌದು, ಇವು ನನ್ನ ಕೈಯಿಂದ ಬಂದವೇ ಎಂದೆ.

ಎರಡನೆಯ ಹಾಳೆ: ಆಗ ಅಲ್ಲಿ ಎಷ್ಟು ಮನೆಗಳಿದ್ದವು?

ಐವತ್ತೆರಡು ಎಂದು ಕೇರಿಯವರ ಅರ್ಜಿಯಲ್ಲೇ ಬರೆದಿತ್ತು. ಅದು ನನ್ನ ಮುಂದೆಯೇ ಇತ್ತು. ಐವತ್ತೆರಡು ಎಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅವರಿಗೂ ಅನುಕೂಲ, ನನ್ನ ಮರ್ಯಾದೆಗೂ ಅನುಕೂಲ. ವಿರೂಪಾಕ್ಷಿ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದ. “ಗೊತ್ತಿಲ್ರಿ. ನಾನು ಒಳಗ ಹೋಗಿಲ್ಲ” ಎಂದೆ. ಗುಡಿ ಕಟ್ಟೆ, ಕಲ್ಲು, ಬೆಲ್, ಆ ಲಕೋಟೆ, ಎಲ್ಲ ಹೇಳಿದೆ. ಸರ್ವೆಯವರ ಕಡೆಯಿಂದ ಬಂದಿದ್ದ ನಿಮ್ಮ ಉಮಾಪತಿ ನಕ್ಕ. ನಗು ನನಗೆ ಕೇಳಿಸಲಿಲ್ಲ, ಹಲ್ಲು ಕಂಡವು.

ಮೂರನೆಯ ಹಾಳೆ: ಒಳಗೆ ಹೋಗದವರ ಸಾಕ್ಷಿಯನ್ನು ಹೇಗೆ ನಂಬುವುದು?

ಏನು ಹೇಳಬೇಕೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಹೇಳಿದ್ದು ಇದು: “ಮೇಡಂ, ಅಲ್ಲಿ ಬರೇ ಬಂಡಿಗಲ್ಲು ಇದ್ದಿದ್ರ, ಖಾಲಿ ಜಾಗ ಇದ್ದಿದ್ರ, ನಾನು ಅದರಾಗ ಹಾದು ಹೋಗ್ತಿದ್ದೆ. ಆಚೆ ಪ್ಯಾಟಿಗೆ ಅದೇ ಹತ್ತಿರದ ದಾರಿ. ಹನ್ನೊಂದು ವರ್ಷ ಬಿಸಿಲಾಗ ಚೀಲ ಹೊತ್ಕೊಂಡು ಗುಡ್ಡ ಸುತ್ತಿ ಹೋಗೀನಿ. ಇಲ್ಲದ ಕೇರಿಗೆ ಹೇಸಿ ಯಾರಾರ ಅಷ್ಟು ಸುತ್ತು ಹೊಡಿತಾರೇನ್ರಿ? ನನ್ನ ತಪ್ಪೇ ಸಾಕ್ಷಿ. ಬರ್ಕೊಳ್ರಿ.”

ಮೇಡಂ ಗುಮಾಸ್ತನ ಕೈಯಿಂದ ಪೆನ್ನು ತೆಗೆದುಕೊಂಡರು. ಆಮೇಲೆ ತಾವೇ ಬರೆದುಕೊಂಡರು. ಸಹಿ ಮಾಡಿದೆ.

ಹೊರಗೆ ವಿರೂಪಾಕ್ಷಿ ನನ್ನ ಎಡಗಿವಿಯ ಹತ್ತಿರ ಬಂದ. ಆ ಕಿವಿ ಸ್ವಲ್ಪ ಕೇಳುತ್ತದೆ. ಊರಿಗೇ ಕೇಳುವಷ್ಟು ಗಟ್ಟಿಯಾಗಿ ಹೇಳಿದ: “ನಿಮ್ಮ ಮಾತು ನಮಗ ಬೇಕಾಗಿತ್ತು, ತಗೊಂಡ್ವಿ. ನನ್ನ ಕಾಗದದ ವಿಷಯ ಬ್ಯಾರೆ. ಅದನ್ನ ಮಾಫ್ ಮಾಡೀನಿ ಅಂತ ತಿಳ್ಕೊಬ್ಯಾಡ್ರಿ.” ತಿಳಿದುಕೊಳ್ಳುವುದಿಲ್ಲ ಎಂದೆ.

ಹೊನ್ನೂರಮ್ಮ ಕೇರಿಯ ಕಡೆಗೆ ನಡಿ ಎಂದು ಕೈ ಮಾಡಿದಳು. ಗುಡಿಯ ಹತ್ತಿರ ನನ್ನ ಕಾಲು ತಾನಾಗಿ ನಿಂತಿತು. ಆಕೆ ಹಿಂತಿರುಗಿ ನೋಡದೆ ನಡೆದಳು. ಹಿಂದೆ ಹೋದೆ. ಎರಡೂ ಕಡೆ ಮನೆ, ಬಾಗಿಲಲ್ಲಿ ಜನ. ಆಚೆ ತುದಿಯಲ್ಲಿ ಪೇಟೆ ಬಂತು. ಗಡಿಯಾರ ನೋಡಿದೆ, ಏಳು ನಿಮಿಷ. ಚಹಾ ಯಾರೂ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಮನೆಗೆ ಬಂದು ನಿಮ್ಮವ್ವನಿಗೆ ಎಲ್ಲ ಹೇಳಿದೆ. ಮರುದಿನ, “ಆ ಹುಡುಗಗ ಎಷ್ಟು ಮಕ್ಕಳು?” ಎಂದು ಕೇಳಿದಳು.

ನಿನ್ನ ಅಪ್ಪ
ಚಿದಾನಂದಪ್ಪ


ಗಾಂಧಿನಗರ, ಬಳ್ಳಾರಿ
23 ಫೆಬ್ರುವರಿ 2025

ಅಪ್ಪಾ, ಅವ್ವಾ,

ಇಬ್ಬರೂ ಕೂಡಿ ಓದಿ. ಅವ್ವ ಹೇಗೂ ಒಡೆದು ಓದುತ್ತಾಳೆ.

ಆದೇಶ ಬಂದಿದೆ. ಕೊಳಗೇರಿ ಪಟ್ಟಿಯಿಂದ ಕೇರಿಯನ್ನು ತೆಗೆದಿದ್ದಾರೆ. ರಸ್ತೆ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಗುತ್ತದಂತೆ. ಆದರೆ ಕೊನೆಯ ದಿನ ಒಂದು ಜಗಳವಾಯಿತು. ಟ್ಯಾಬಿನಲ್ಲಿ ಕೇರಿ ಎಂಬ ಪದವೇ ಇಲ್ಲವಲ್ಲ, ‘ಸುಂಕಲಮ್ಮ ನಗರ’ ಎಂದು ಮಾಡೋಣ, ಕೇಳಲೂ ಚೆಂದ ಎಂದು ಕಚೇರಿಯವರು ಹೇಳಿ ಕಳಿಸಿದರು. ಹುಡುಗರೆಲ್ಲ ಒಪ್ಪಿದರು. ಸುನಂದಾ, “ನಾಳೆ ಮಗಳಿಗೆ ಬೀಗರು ಬರ್ತಾರ. ಕೇರಿ ಅಂದ್ರ ಮುಖ ನೋಡ್ತಾರ. ನಗರ ಆಗ್ಲಿ ಬಿಡ್ರಿ” ಎಂದಳು. ಅವಳ ಮಾತು ಸುಳ್ಳಲ್ಲ.

ಹೊನ್ನೂರಮ್ಮ ಒಪ್ಪಲಿಲ್ಲ. “ಹೆಸರು ಕೇಳಿ ಎದ್ದು ಹೋಗೋ ಬೀಗರು, ಹೆಸರು ಬದಲಿ ಮಾಡಿದ್ರೂ ಒಂದಿನ ಎದ್ದು ಹೋಗ್ತಾರ. ನಗರ ಅಂದ್ರ ಮೊನ್ನಿ ಬಂದೋರು. ನಾವು ಮೊನ್ನಿ ಬಂದೋರಲ್ಲ. ಕೇರಿ ಅಂತ ಹೇಳಿ ನಮ್ಮನ್ನ ದೂರ ಇಟ್ರು. ಈಗ ಆ ಹೆಸರಿನ ಮ್ಯಾಲೇ ನೆಲ ಉಳಿಸ್ಕೊಂಡೀವಿ. ಅದನ್ನ ಯಾಕ ಬಿಡ್ಲಿ?” ಸುನಂದಾ ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, ಕೇರಿ ಎಂದೇ ಇರಲಿ ಎಂಬ ಅರ್ಜಿಗೆ ಮೊದಲ ಸಹಿ ಅವಳದೇ. ಆದೇಶದ ಪ್ರತಿಯಲ್ಲಿ ಕೈಬರಹದಲ್ಲೇ ಬರೆದುಕೊಟ್ಟಿದ್ದಾರೆ: ಸುಂಕಲಮ್ಮನ ಕೇರಿ, ಮನೆಗಳು ಎಪ್ಪತ್ತೊಂದು.

ನನ್ನ ಗುತ್ತಿಗೆಯನ್ನು ಏಜೆನ್ಸಿ ಮುಂದುವರಿಸಲಿಲ್ಲ; ಸಿರುಗುಪ್ಪ ಬಿಟ್ಟು ಹಳೆಯ ರೂಮಿಗೇ ಬಂದಿದ್ದೇನೆ. ತಪ್ಪಾಯಿತೆಂದು ಒಂದು ಪತ್ರ ಬರೆದುಕೊಟ್ಟರೆ ಮತ್ತೆ ತೆಗೆದುಕೊಳ್ಳುತ್ತೇವೆ ಎಂದು ಉಮಾಪತಿ ಹೇಳಿದರು. ಪತ್ರ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ, ಅದೊಂದನ್ನು ಮಾತ್ರ ಬರೆಯುವುದಿಲ್ಲ ಎಂದೆ. ಅವ್ವಾ, ಚಿಂತೆ ಮಾಡಬೇಡ. ಒಂದು ಶಾಲೆಯಲ್ಲಿ ಕೇಳಿದ್ದೇನೆ, ಜೂನ್‌ಗೆ ಆಗಬಹುದು.

ಅಲ್ಲಿಯವರೆಗೆ ಗಾಂಧಿನಗರದ ಈ ರೂಮು ನನಗೆ ದುಬಾರಿ. ನಿನ್ನೆ ಕೇರಿಗೆ ಹೋಗಿ, ಇಲ್ಲೇ ಒಂದು ಮನೆ ಬಾಡಿಗೆಗೆ ಕೊಡಿಸಿ, ಇರುತ್ತೇನೆ ಎಂದೆ. ಕೇಳುವಾಗ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಹೊನ್ನೂರಮ್ಮ ಕತ್ತರಿ ಕೆಳಗಿಡಲಿಲ್ಲ.

“ಮನಿ ಖಾಲಿ ಇಲ್ಲವ್ವಾ” ಎಂದರು. “ಒಂದೂ ಇಲ್ಲ. ಇಲ್ಲಿಂದ ಯಾರೂ ಹೋಗಂಗಿಲ್ಲ ಅಂತ ತಾನೇ ಎಲ್ಲಾರೂ ಕೂಡಿ ಬರೆಸಿದ್ದು?”

ನಿಮ್ಮ
ಅಕ್ಷತಾ